ಅಗಲಿಕೆಗೆ ಒಪ್ಪಿಗೆ ಪತ್ರ

ಬಂದರಿನಿಂದ ಪೇಟೆಗೆ ಬರುವ ಆ ಬೀದಿಯ ಅಗಲ ಹದಿನಾಲ್ಕು ಅಡಿ. ಇದು ಅಂದಾಜಲ್ಲ, ಟೈಲರಮ್ಮ ಹೆಗಲ ಮೇಲಿನ ಟೇಪನ್ನೇ ನೆಲಕ್ಕೆ ಹಾಸಿ ಅಳೆದ ಲೆಕ್ಕ. ಮೀನಿನ ವ್ಯಾನು ಒಳಗೆ ನುಗ್ಗಿತೆಂದರೆ ಎದುರಿನಿಂದ ಬಂದ ಸೈಕಲ್ಲಿನವನು ಹತ್ತಿರದ ಅಂಗಡಿಯ ಮೆಟ್ಟಿಲು ಹತ್ತಿ, ಅಂಗಡಿಯವರ ಕ್ಷೇಮಸಮಾಚಾರ ವಿಚಾರಿಸಿ, ವ್ಯಾನು ದಾಟಿದ ಮೇಲೆ ಇಳಿಯಬೇಕು. ಹಾಗೆ ಹತ್ತಿದವರು ಒಂದು ಪ್ಯಾಂಟಿಗೆ ಅಳತೆ ಕೊಟ್ಟು ಇಳಿದದ್ದೂ ಉಂಟು. ಆದ್ದರಿಂದ ಬೀದಿ ಇಕ್ಕಟ್ಟು ಎಂದು ಯಾರಾದರೂ ಗೊಣಗಿದರೆ ಟೈಲರಮ್ಮನಿಗೆ ಸರಿಬರುತ್ತಿರಲಿಲ್ಲ. "ಇಕ್ಕಟ್ಟಲ್ಲ ಕಣ್ರೀ, ಮೈಗೆ ಸರಿಯಾಗಿ ಕೂತಿದೆ," ಎನ್ನುತ್ತಿದ್ದಳು.

ಅವಳದು ಎಡಬದಿಯ ಅಂಗಡಿ. ಕೆಳಗೆ ಹೊಲಿಗೆ, ಮೇಲೆ ವಾಸ. ಬಲಬದಿಯಲ್ಲಿ, ಅವಳ ಹೊಲಿಗೆ ಮಿಷನ್ನಿಗೆ ನೇರ ಎದುರು, ವಾಚು ರಿಪೇರಿಯ ಅಂಗಡಿ. ಅಲ್ಲಿ ಕೂತು ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಇನ್ನೊಂದು ಕಣ್ಣಿನಲ್ಲಿ ಬೀದಿ ನೋಡುವ ವಾಚಿನವನು ಅವಳ ಗಂಡ. ಎದುರಾಡುವ ಗಂಡಂದಿರು ಊರ ತುಂಬ ಇದ್ದಾರೆ. ಎದುರಿಗೇ ಇರುವ ಗಂಡ ಅವಳಿಗೊಬ್ಬಳಿಗೇ. ಬೀದಿಯವರು ಅವಳನ್ನು ಸೂಜಿ ಎಂದೂ ಅವನನ್ನು ಮುಳ್ಳು ಎಂದೂ ಕರೆಯುತ್ತಿದ್ದರು. ಹೊಲಿಯುವುದು ಸೂಜಿ, ಗಡಿಯಾರದಲ್ಲಿ ತಿರುಗುವುದು ಮುಳ್ಳು. ಚುಚ್ಚುವುದರಲ್ಲಿ ಯಾರೂ ಯಾರಿಗೂ ಕಡಿಮೆ ಇರಲಿಲ್ಲ.

ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಸುರುವಾಗುತ್ತಿತ್ತು.

"ಎದುರಿನವರೇ, ಗಂಟೆ ಎಷ್ಟು?"

"ಯಾವ ಗಡಿಯಾರದ್ದು ಬೇಕು ಟೈಲರಮ್ಮನವರೇ? ಒಂಬತ್ತೂ ಇದೆ, ನಾಲ್ಕೂಕಾಲೂ ಇದೆ."

"ಸರಿಯಾದ್ದು."

"ಸರಿಯಾಗಿದ್ರೆ ನನ್ನ ಹತ್ರ ಯಾಕೆ ಬರ್ತಿತ್ತು?"

ಅವನಿಗೆ ದನಿ ಕದಿಯುವ ವಿದ್ಯೆ ಒಲಿದಿತ್ತು. ಹಡಗಿನ ಸೈರನ್ನು, ವಾರ್ಡ್ ಮೆಂಬರನ ಭಾಷಣ, ನೆಗಡಿ ಹಿಡಿದ ಆಟೋ, ಯಾವುದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಬ್ಲೌಸು ಕೇಳಲು ಬಂದ ಟೀಚರಿಗೆ ಬೀದಿಯಾಚೆಯಿಂದ ಟೈಲರಮ್ಮನ ದನಿಯಲ್ಲೇ, "ನಾಳೆ ಖಂಡಿತ ಕೊಡ್ತೀನಿ ಟೀಚರ್, ಗುಂಡಿ ಒಂದು ಬಾಕಿ," ಎಂದುಬಿಟ್ಟ. ಟೀಚರು ಒಪ್ಪಿ ಹೊರಟೇ ಹೋದರು. ಬ್ಲೌಸು ಆಗಲೇ ಸಿದ್ಧವಾಗಿ ಕವರಿನಲ್ಲಿತ್ತು. ಅದನ್ನು ಹಿಡಿದು ಟೈಲರಮ್ಮ ಟೀಚರ ಹಿಂದೆ ಓಡಬೇಕಾಯಿತು.

ಆ ವಿದ್ಯೆಯೇ ಅವರಿಬ್ಬರ ನಡುವೆ ಬೀದಿ ತಂದದ್ದು. ಒಂಬತ್ತು ವರ್ಷದ ಹಿಂದೆ ಅವಳ ಅಮ್ಮ ತೀರಿಕೊಂಡರು. ಅವರೂ ಇದೇ ಮನೆಯಲ್ಲಿದ್ದವರು, ಮಾತಿನ ಮಲ್ಲಿ. ತಿಂಗಳು ಕಳೆದಿರಲಿಲ್ಲ, ಒಂದು ಮಧ್ಯಾಹ್ನ ಅಡುಗೆಮನೆಯಿಂದ ಅಮ್ಮನ ದನಿ ಬಂತು: "ಏನೇ, ಬಿಸಿನೀರು ಆರ್ತಾ ಇದೆ, ಸ್ನಾನಕ್ಕೆ ಹೋಗೇ." ಅದು ವಾಚಿನವನು. ಹೆಂಡತಿಯ ಮುಖದಲ್ಲಿ ಒಂದು ನಗು ತರಿಸೋಣ ಎಂದುಕೊಂಡಿದ್ದ. ಬಂದದ್ದು ನಗುವಲ್ಲ. "ಇವತ್ತೇ ಹೋಗಿ," ಎಂದಳು ಅವಳು. ಅವನಿಗೂ ರೋಷ. ಮೇಜನ್ನೂ ನಲವತ್ತೆರಡು ಗಡಿಯಾರಗಳನ್ನೂ ಹೊತ್ತು, ಇನ್ನು ಈ ಮನೆಯ ಮುಖ ನೋಡುವುದಿಲ್ಲ ಎಂದು ಹೊರಟವನು ಹದಿನಾಲ್ಕು ಅಡಿ ನಡೆಯುವಷ್ಟರಲ್ಲಿ ನಿಂತ. ಎದುರಿನ ಅಂಗಡಿ ಬಾಡಿಗೆಗೆ ಖಾಲಿಯಿತ್ತು. ಮುಖ ನೋಡುವುದಿಲ್ಲ ಎಂದವನು ಅಂದಿನಿಂದ ಬೆಳಗಿನಿಂದ ಸಂಜೆತನಕ ನೋಡುತ್ತಿದ್ದದ್ದು ಅದೇ ಮನೆಯ ಮುಖವನ್ನು.

ಆಗ ಬಿಟ್ಟ ಮಾತು ವಾರದಲ್ಲೇ ಬೀದಿಯಾಚೆಯಿಂದ ಶುರುವಾಯಿತು. ಬದಲಾದದ್ದು ಕರೆಯುವ ಬಗೆ ಮಾತ್ರ. ಅವಳ "ರೀ" ಹೋಗಿ "ಎದುರಿನವರೇ" ಆಯಿತು. ಅವನ "ಏನೇ" ಹೋಗಿ "ಟೈಲರಮ್ಮನವರೇ" ಆಯಿತು. ಬೀದಿಯನ್ನು ಮಾತ್ರ ಅವಳೂ ದಾಟಲಿಲ್ಲ, ಅವನೂ ದಾಟಲಿಲ್ಲ. ದೂರವಾದದ್ದಕ್ಕೆ ಯಾವ ಕಾಗದವೂ ಆಗಿರಲಿಲ್ಲ. ಅವಳ ಕಟ್ಟಡ ಇನ್ನೂ ಇಬ್ಬರ ಹೆಸರಿನಲ್ಲೇ ಇತ್ತು.

ಊರು ಮಾತ್ರ ಮೈಗೆ ಸರಿಯಾಗಿ ಕೂತಿರದೆ ಉಬ್ಬುತ್ತಾ ಹೋಯಿತು. ಬಂದರಿಗೆ ದೊಡ್ಡ ಹಡಗುಗಳು ಬಂದವು, ಹಡಗಿನಿಂದ ಪೆಟ್ಟಿಗೆ ಇಳಿಸಲು ದೊಡ್ಡ ಲಾರಿಗಳು ಬಂದವು. ಇಪ್ಪತ್ತು ಮಹಡಿಯ ಕಟ್ಟಡವೊಂದು ಎದ್ದು ಇಡೀ ಪೇಟೆಗೆ ಸಮುದ್ರ ಕಾಣದ ಹಾಗೆ ಮಾಡಿತು. ಅದಕ್ಕೆ 'ಸಾಗರದರ್ಶನ' ಎಂದು ಹೆಸರಿಟ್ಟರು. ಬೀದಿ ಅಗಲ ಮಾಡುತ್ತಾರೆ ಎಂಬ ಮಾತು ಹನ್ನೆರಡು ವರ್ಷದಿಂದ ಇತ್ತು. ಮೂರು ಸಲ ಗೋಡೆಗೆ ಕೆಂಪು ಗೆರೆ ಬಳಿದು ಹೋಗಿದ್ದರು. ಮೂರೂ ಸಲ ಗೆರೆ ಮಾಸಿತು, ಗೋಡೆ ಉಳಿಯಿತು. ಆದ್ದರಿಂದ ಆ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ನಗರಪಾಲಿಕೆಯ ಜವಾನ ಬಂದು ಟೈಲರಮ್ಮನಿಗೆ ಒಂದು ಲಕೋಟೆ ಕೊಟ್ಟ. ಸಹಿ ಹಾಕಿಸಿಕೊಂಡು ಬೀದಿ ದಾಟಿ ವಾಚಿನವನಿಗೂ ಅಂಥದೇ ಒಂದು ಕೊಟ್ಟ. ಅವಳು ಕತ್ತರಿಯಿಂದ ಲಕೋಟೆ ಬಿಡಿಸಿ ಓದಿದಳು.

'ವಿಷಯ: ಅಗಲಿಕೆಗೆ ಒಪ್ಪಿಗೆ ಪತ್ರ. ಎರಡೂ ಕಡೆಯವರ ಅನುಕೂಲಕ್ಕಾಗಿ ಪ್ರಸ್ತಾಪಿಸಲಾಗಿರುವ ಅಗಲಿಕೆಗೆ ತಮ್ಮ ಆಕ್ಷೇಪಣೆ ಇಲ್ಲದಿದ್ದಲ್ಲಿ, ಇಬ್ಬರೂ ಜಂಟಿಯಾಗಿ ಸಹಿ ಮಾಡಿ ಹದಿನೈದು ದಿನಗಳೊಳಗೆ ಈ ಕಚೇರಿಗೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಒಪ್ಪಿಗೆ ಇದೆಯೆಂದೇ ಭಾವಿಸಿ ಅಗಲಿಕೆಯನ್ನು ಜಾರಿಗೊಳಿಸಲಾಗುವುದು.'

ಅವಳು ಎರಡನೇ ಸಲ ಓದಿದಳು. ಮೂರನೇ ಸಲ ಓದಲು ಕನ್ನಡಕ ಮಂಜಾಗಿತ್ತು.

ಗಂಡಹೆಂಡಿರ ವಿಷಯ ನಗರಪಾಲಿಕೆಗೆ ಯಾಕೆ ಎಂದು ಅವಳಿಗೆ ಅನಿಸದೆ ಇರಲಿಲ್ಲ. ಆದರೆ ಹುಟ್ಟಿದ್ದಕ್ಕೆ ಚೀಟಿ ಕೊಡುವವರು ಅವರೇ, ಸತ್ತಿದ್ದಕ್ಕೆ ಕೊಡುವವರೂ ಅವರೇ, ಮದುವೆ ದಾಖಲು ಮಾಡಿಕೊಳ್ಳುವ ಕಿಟಕಿಯೂ ಅಲ್ಲೇ ಇದೆ. ನಡುವೆ ಇದೊಂದನ್ನು ಬಿಟ್ಟಾರೆಯೇ? ಯಾರೋ ಅರ್ಜಿ ಹಾಕಿದ್ದಾರೆ. ತಾನು ಹಾಕಿಲ್ಲ. ಉಳಿದವರು ಒಬ್ಬರೇ. ಅವಳು ತಲೆಯೆತ್ತಿ ಎದುರಿಗೆ ನೋಡಿದಳು. ವಾಚಿನವನು ಅದೇ ಕಾಗದವನ್ನು ಭೂತಗಾಜಿನಲ್ಲಿ ಹಿಡಿದು ಓದುತ್ತಿದ್ದ. ತಲೆಯೆತ್ತಲಿಲ್ಲ.

ಮೂರು ದಿನ ಬೀದಿಯಲ್ಲಿ ಗಂಟೆ ಕೇಳುವವರಿಲ್ಲ, ಹೇಳುವವರಿಲ್ಲ. ಹಡಗಿನ ಸೈರನ್ನು ಹಡಗಿನಿಂದ ಮಾತ್ರ ಕೇಳಿಸಿತು. ಟೈಲರಮ್ಮ ಟೀಚರ ಹೊಸ ಬ್ಲೌಸಿಗೆ ಎರಡೂ ಎಡಗೈ ಹೊಲಿದಳು.

"ಏನಕ್ಕಾ, ಇಬ್ಬರಿಗೂ ಗಂಟಲು ಕಟ್ಟಿದೆಯಾ?" ಎಂದು ಚಹಾ ತಂದ ಚಹಾದವಳು ಕೇಳಿದಳು. "ಅಲ್ಲಿ ಅವರು ನಾನು ಗ್ಲಾಸು ಇಟ್ಟಿದ್ದೇ ನೋಡ್ಲಿಲ್ಲ. ನನ್ನ ಗಂಡನ ಗೊರಕೆ ಮಾಡಿ ತೋರ್ಸಿ ಅಂದೆ. ಗೊರಕೆಗೆ ಮೂಡ್ ಇಲ್ಲ ಅಂದ್ರು."

"ನಿನ್ನ ಗಂಡನದ್ದು ಮನೇಲಿ ಕೇಳೋದು ಸಾಲ್ದಾ?"

"ಅಲ್ಲಿ ನಿದ್ದೆ ಕೆಡುತ್ತೆ, ಇಲ್ಲಿ ನಗು ಬರುತ್ತೆ." ಚಹಾದವಳು ಅವಳ ಮುಖ ನೋಡಿ ಗ್ಲಾಸನ್ನು ಹತ್ತಿರಕ್ಕೆ ಸರಿಸಿದಳು. "ಕುಡೀರಿ, ಆರುತ್ತೆ."

ಅಗಲಿಕೆಯೇನು ಹೊಸದೇ, ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಒಂಬತ್ತು ವರ್ಷದಿಂದ ಆಗಿಯೇ ಇದೆ. ಆದರೆ ಅದು ಕಚ್ಚಾ ಹೊಲಿಗೆ. ಬೇಕೆಂದಾಗ ಎಳೆದರೆ ಬಿಚ್ಚಿಕೊಳ್ಳುವ ಹಾಗೆ ದಾರ ಹಾಕಿಟ್ಟದ್ದು. ಅದರ ಮೇಲೆ ಯಾರೋ ಮಿಷನ್ ಓಡಿಸಲು ಹೊರಟಿದ್ದಾರೆ. ಆ ಯಾರೋ ಅವನೇ ಎಂಬುದು ಇನ್ನೂ ಹೆಚ್ಚು ಚುಚ್ಚಿತು.

ಗುರುವಾರ ಅವಳು ಅಂಗಡಿಯ ಬಾಗಿಲು ಅರ್ಧ ಎಳೆದು ನಗರಪಾಲಿಕೆಗೆ ಹೊರಟಳು. ಸಹಿ ಹಾಕುವುದಕ್ಕಲ್ಲ. ಆಕ್ಷೇಪಣೆ ಇದೆ ಎಂದು ಹೇಳುವುದಕ್ಕೆ. ಏನು ಆಕ್ಷೇಪಣೆ ಎಂದು ಕೇಳಿದರೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿದಳು. ಹೊಳೆಯಲಿಲ್ಲ.

ಕಚೇರಿಯ ಪಡಸಾಲೆಯಲ್ಲಿ ಹನ್ನೊಂದನೇ ಕಿಟಕಿಯ ಮುಂದೆ ಉದ್ದ ಸಾಲು. ಸಾಲಿನ ಮುಂಭಾಗದಲ್ಲಿ ಒಂದು ಪರಿಚಿತ ಬೆನ್ನು. ಆ ಅಂಗಿಯ ಕಾಲರನ್ನು ತಾನೇ ತಿರುಗಿಸಿ ಹೊಲಿದು, ಚಹಾದವಳ ಕೈಯಲ್ಲಿ ಕಳಿಸಿದ್ದು ಅವಳಿಗೆ ನೆನಪಿತ್ತು. ಬಾಯಿ ತಾನಾಗಿ ತೆರೆದುಕೊಂಡಿತು.

"ರೀ."

ಸಾಲಿನಲ್ಲಿದ್ದ ನಾಲ್ಕು ಜನ ಗಂಡಂದಿರು ತಿರುಗಿದರು. ಐದನೆಯವನಾಗಿ ವಾಚಿನವನು ತಿರುಗಿದ. ಉಳಿದ ನಾಲ್ವರು ತಮ್ಮದಲ್ಲವೆಂದು ನೆಮ್ಮದಿಯಿಂದ ಮತ್ತೆ ಕಿಟಕಿಗೆ ಮುಖ ಮಾಡಿದರು.

ಅವನು ಸಾಲು ಬಿಟ್ಟು ಬಂದು ಬೆಂಚಿನ ತುದಿಯಲ್ಲಿ ಕೂತ. ಅವಳು ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಒಂದು ಫೈಲು ಕಟ್ಟು ಇತ್ತು.

"ಎಷ್ಟು ದಿನದಿಂದ ಯೋಚ್ನೆ ಮಾಡ್ತಿದ್ರಿ?" ಎಂದಳು.

"ಏನನ್ನ?"

"ಇದನ್ನ." ಕಾಗದ ತೋರಿಸಿದಳು.

"ನಾನಾ? ಅರ್ಜಿ ಹಾಕಿದ್ದು ನೀನು. ನನ್ನನ್ನ ಕೇಳ್ತೀಯಲ್ಲ."

"ನಾನು ಯಾಕೆ ಹಾಕ್ಲಿ? ನಂಗೆ ಇರೋ ಬ್ಲೌಸು ಮುಗಿಸೋಕೆ ಪುರುಸೊತ್ತಿಲ್ಲ."

"ನಾನೂ ಹಾಕಿಲ್ಲ."

"ನಿಜ ಹೇಳಿ."

"ನಿಜ ಕಣೇ. ಆಕ್ಷೇಪಣೆ ಇದೆ ಅಂತ ಹೇಳೋಕೆ ಬಂದೆ." ಅವನು ಕಾಲರು ಸರಿಮಾಡಿಕೊಂಡ. "ಏನು ಆಕ್ಷೇಪಣೆ ಅಂತ ಕೇಳಿದ್ರೆ ಏನು ಹೇಳೋದು ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ಎರಡು ಸಲ ಸಾಲಿನ ಕೊನೆಗೆ ಹೋಗಿ ನಿಂತೆ."

ಟೈಲರಮ್ಮ ಸೆರಗಿನಿಂದ ಕನ್ನಡಕ ಒರೆಸತೊಡಗಿದಳು. ತುಂಬ ಹೊತ್ತು ಒರೆಸಿದಳು.

"ಹಾಗಾದ್ರೆ ಹಾಕಿದ್ದು ಯಾರು?" ಎಂದ ಅವನು. "ನಮ್ಮಿಬ್ಬರನ್ನ ಅಗಲಿಸೋಕೆ ಮೂರನೆಯವರಿಗೆ ಏನು ಅರ್ಜೆಂಟು?"

ಇಬ್ಬರೂ ಮತ್ತೆ ಸಾಲಿಗೆ ನಿಂತರು. ಸರದಿ ಬಂದಾಗ ಕಿಟಕಿಯ ಗುಮಾಸ್ತರು ಕಾಗದ ತೆಗೆದುಕೊಂಡು ಮೊದಲ ಸಾಲು ಓದಿದರು. ಇವರಿಬ್ಬರ ಮುಖ ನೋಡಿದರು. ಮತ್ತೆ ಓದಿದರು. ಆಮೇಲೆ ಒಳಕೋಣೆಯ ಕಡೆ ತಿರುಗಿ, "ಏನಮ್ಮಾ, ರಸ್ತೆ ಅಗಲೀಕರಣಕ್ಕೆ ಅಗಲಿಕೆ ಅಂತ ಟೈಪ್ ಮಾಡಿದೀಯಲ್ಲ," ಎಂದು ಕೂಗಿದರು.

"ಪದ ಉದ್ದ ಆಯ್ತು ಸಾರ್," ಒಳಗಿನಿಂದ ಟೈಪಿಸ್ಟ್ ಹುಡುಗಿಯ ದನಿ. "ಸಾಲಿನಲ್ಲಿ ಹಿಡೀಲಿಲ್ಲ. ಅದಕ್ಕೇ ಚಿಕ್ಕದು ಮಾಡ್ದೆ. ಅರ್ಥ ಒಂದೇ ಅಲ್ವಾ?"

"ರಸ್ತೆ ಅನ್ನೋದಾದ್ರೂ ಇರ್ಬೇಕಿತ್ತಲ್ಲಮ್ಮಾ."

"ಅದೂ ಹಿಡೀಲಿಲ್ಲ ಸಾರ್."

ವಾಚಿನವನು ಮೊದಲು ನಕ್ಕ. "ಅಗಲ ಸಾಲದ್ದಕ್ಕೆ ಅಗಲೀಕರಣ ಅಗಲಿಕೆ ಆಗ್ಬಿಡ್ತು," ಎಂದ. ಟೈಲರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು, ಆದರೂ ನಗು ಹೊರಗೆ ಬಂತು. ಸಾಲಿನವರಿಗೆ ಏನೂ ಅರ್ಥವಾಗಲಿಲ್ಲ. ಅವರೂ ನಕ್ಕರು. ಗುಮಾಸ್ತರು ಪೆನ್ನು ತೆಗೆದು ತಿದ್ದಿಕೊಟ್ಟರು. ಜಂಟಿ ಹೆಸರಿನಲ್ಲಿ ಕಟ್ಟಡ ಇದ್ದವರಿಗೆ ಮೊದಲು ಕಾಗದ ಹೋಗಿದೆ, ಆ ಬೀದಿಯಲ್ಲಿ ಅಂಥವರು ನೀವಿಬ್ಬರೇ, ಅದಕ್ಕೇ ಬೇರೆ ಯಾರಿಗೂ ಬಂದಿಲ್ಲ ಎಂದರು.

"ಅಂದ್ರೆ ಈ ಸಲ ನಿಜವಾಗ್ಲೂ ಮಾಡ್ತೀರಾ?" ಎಂದಳು ಟೈಲರಮ್ಮ.

"ಅರವತ್ತು ಅಡಿ." ಗುಮಾಸ್ತರು ನಕ್ಷೆ ಹರಡಿದರು. "ನಿಮ್ಮ ಎಡಬದಿಯಿಂದ ಮೂರು ಅಡಿ ಅಷ್ಟೇ, ಮೆಟ್ಟಿಲು ಮತ್ತೆ ಒಂಚೂರು. ಬಲಬದಿ ಸಾಲು ಪೂರ್ತಿ ಹೋಗುತ್ತೆ. ಅಲ್ಲಿನ ಬಾಡಿಗೆಯವರಿಗೆ ಬೈಪಾಸಿನ ಹತ್ರ ಹೊಸ ಸಂಕೀರ್ಣದಲ್ಲಿ ಜಾಗ. ಮೂರನೇ ಮಹಡಿ, ಲಿಫ್ಟಿದೆ."

"ಇಲ್ಲಿಂದ ಎಷ್ಟು ದೂರ?"

"ಆರು ಕಿಲೋಮೀಟರ್."

"ಒಪ್ಪಿಗೆ ಕೊಡದೇ ಇದ್ರೆ?"

"ಹದಿನೈದು ದಿನ ಆದ್ಮೇಲೆ ನಿಮ್ಮ ಪರವಾಗಿ ನಾವೇ ಒಪ್ಕೋತೀವಿ," ಎಂದರು ಗುಮಾಸ್ತರು ಸೌಜನ್ಯದಿಂದ.

ಕಾಗದದಲ್ಲಿ ತಿದ್ದಿದ್ದು ಒಂದು ಪದ. ಆದರೆ ನಕ್ಷೆ ನೋಡಿದರೆ ಟೈಪಿಸ್ಟ್ ಹುಡುಗಿ ಹೇಳಿದ್ದೇ ಸರಿ, ಅರ್ಥ ಒಂದೇ ಇತ್ತು.

ರಸ್ತೆ ಕೆಲಸ ನಡೆದಿದ್ದರಿಂದ ಬಸ್ಸು ಅರ್ಧ ದಾರಿಯಲ್ಲೇ ನಿಂತಿತು. ಇಬ್ಬರೂ ಇಳಿದು ನಡೆದರು. ಮೇಲುಸೇತುವೆಯ ಕಂಬಗಳ ಕೆಳಗೆ ದೊಡ್ಡ ದೊಡ್ಡ ಸಿಮೆಂಟ್ ಪೈಪುಗಳನ್ನು ಉರುಳಿಸಿಟ್ಟಿದ್ದರು. ಅವಳಿಗೆ ಕಾಲು ನೋವು. ಪೈಪಿನ ಮೇಲೆ ಕೂತಳು. ಅವನು ಪಕ್ಕದಲ್ಲಿ ಕೂತ. ಇಲ್ಲಿ ನಡುವೆ ಫೈಲು ಇರಲಿಲ್ಲ.

"ಮೂರನೇ ಮಹಡಿಗೆ ಲಿಫ್ಟಲ್ಲಿ ಬಂದು ವಾಚು ಯಾರು ಕೊಡ್ತಾರೆ?" ಎಂದ. "ಬರೋ ಹೊತ್ತಿಗೆ ಕಾಲವೇ ಬದಲಾಗಿರುತ್ತೆ."

"ಮತ್ತೆ ಹೋಗ್ತೀರಾ?"

"ಹೋಗದೆ ಎಲ್ಲಿರ್ಲಿ? ರೋಡಲ್ಲಿ ಮೇಜು ಹಾಕಿದ್ರೆ ಲಾರಿಯವರು ರಿಪೇರಿ ಮಾಡ್ತಾರೆ, ನನ್ನನ್ನ." ಆಮೇಲೆ, "ಆರು ಕಿಲೋಮೀಟರಿಂದ ಕೂಗಿದ್ರೆ ಕೇಳ್ಸುತ್ತಾ?" ಎಂದ.

"ಫೋನಿದೆಯಲ್ಲ."

"ಫೋನ್ ಮಾಡೋಕೆ ವಿಷಯ ಬೇಕು. ಇಲ್ಲಿ ವಿಷಯ ಇಲ್ದೇನೂ ಮಾತಾಡ್ಬಹುದಿತ್ತು."

ಪೈಪಿನೊಳಗಿಂದ ಗಾಳಿ ಸುಯ್ಯೆಂದು ಹಾಯುತ್ತಿತ್ತು. ಹಿಂದಿನ ದಿನಗಳಾಗಿದ್ದರೆ ಅವನು ಕೂಡಲೇ ಅದರ ದನಿ ತೆಗೆಯುತ್ತಿದ್ದ. ಇವತ್ತು ತೆಗೆಯಲಿಲ್ಲ.

"ಅವತ್ತು ಯಾಕೆ ಹಾಗೆ ಮಾಡಿದ್ರಿ?" ಎಂದಳು. ಯಾವತ್ತು ಎಂದು ಅವನು ಕೇಳಲಿಲ್ಲ.

"ಮನೆ ಮೂಕ ಆಗಿತ್ತು. ನೀನು ಊಟ ಮಾಡ್ತಿರ್ಲಿಲ್ಲ. ಒಂದು ಸಲ ಕೇಳಿದ್ರೆ ಸಮಾಧಾನ ಆಗುತ್ತೆ ಅಂದ್ಕೊಂಡೆ. ದಡ್ಡ ನಾನು. ಆಮೇಲೆ ಆ ದನಿ ತೆಗೆದೇ ಇಲ್ಲ. ಒಬ್ಬನೇ ಇದ್ದಾಗ್ಲೂ ತೆಗೆದಿಲ್ಲ."

"ನಂಗೆ ಸಿಟ್ಟು ಬಂದಿದ್ದು ನೀವು ಅಣಕಿಸಿದ್ರಿ ಅಂತಲ್ಲ." ಅವಳು ಕೈಯಲ್ಲಿದ್ದ ಕಾಗದವನ್ನು ಸಣ್ಣಗೆ ಮಡಚಿದಳು. "ನಾನು ಹ್ಞೂಂ ಅಮ್ಮಾ ಅಂದ್ಬಿಟ್ಟೆ. ಟವಲ್ಲು ತಗೊಂಡು ಎದ್ದೂ ಬಿಟ್ಟಿದ್ದೆ. ಆಮೇಲೆ ನಿಮ್ಮ ಮುಖ ಕಂಡ್ತು. ಎರಡನೇ ಸಲ ಹೋದ ಹಾಗಾಯ್ತು ಅವಳು."

ಅವನು ಏನೋ ಹೇಳಲು ಬಾಯಿ ತೆರೆದ. ಹತ್ತು ಜನರ ದನಿ ಇದ್ದ ಬಾಯಿಯಲ್ಲಿ ಆ ಹೊತ್ತಿಗೆ ಅವನದೂ ಇರಲಿಲ್ಲ. ಅವಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡ. ಇಬ್ಬರೂ ಎದ್ದು ನಡೆದರು. ಬೀದಿಯ ಬಾಯಿಗೆ ಬಂದಾಗ ಚೀಲ ಕೊಟ್ಟು ಅವನು ಬಲಕ್ಕೆ ಹೋದ, ಅವಳು ಎಡಕ್ಕೆ.

ಮಾರನೇ ದಿನ ಬೆಳಗ್ಗೆ ಶಟರ್ ಎತ್ತಿದ ಟೈಲರಮ್ಮ ಗಂಟೆ ಕೇಳಲಿಲ್ಲ. ಟೇಪು ಹೆಗಲಿಗೆ ಹಾಕಿ, ಕಿವಿಗೆ ಸೀಮೆಸುಣ್ಣದ ತುಂಡು ಸಿಕ್ಕಿಸಿ ಬೀದಿಗಿಳಿದಳು. ಏಳು ಹೆಜ್ಜೆ. ಚಹಾದವಳು ಗ್ಲಾಸು ತೊಳೆಯುವುದನ್ನು ನಿಲ್ಲಿಸಿದಳು. ಟೈಲರಮ್ಮ ವಾಚಿನ ಅಂಗಡಿಯ ಮೆಟ್ಟಿಲು ಹತ್ತಿ, ಒಂದು ಮಾತೂ ಆಡದೆ ಅವನ ಮೇಜಿಗೆ ಟೇಪು ಹಿಡಿದಳು.

"ಇದೇನು, ಮೇಜಿಗೆ ಬ್ಲೌಸಾ?" ಎಂದ ವಾಚಿನವನು.

"ಅಲ್ಲಾಡ್ಬೇಡಿ. ಮೂರು ಅಡಿ ಹೋದ್ರೂ ನನ್ನ ಅಂಗಡಿ ಹದಿಮೂರು ಅಡಿ ಉಳಿಯುತ್ತೆ. ಟ್ರಯಲ್ ರೂಮಿನ ಪರದೆ ಹಿಂದಕ್ಕೆ ಹಾಕಿದ್ರೆ ಕಿಟಕಿ ಹತ್ರ ಜಾಗ ಆಗುತ್ತೆ. ಬೆಳಕೂ ಇದೆ."

"ಯಾರಿಗೆ?"

"ಬೈಪಾಸಿಗೆ ಹೋಗೋರಿಗಂತೂ ಅಲ್ಲ."

ಅವನು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡ. ಕೈಯಲ್ಲಿ ವಾಚು ಇರಲಿಲ್ಲ. ಮತ್ತೆ ತೆಗೆದ.

"ಗಡಿಯಾರ ಎಷ್ಟಿವೆ ಈಗ?" ಎಂದಳು.

"ನಲವತ್ತೆಂಟು."

"ಓಡೋವು?"

"ಮೂವತ್ತು."

"ಐದು ತನ್ನಿ."

"ಐದಾ? ಇಪ್ಪತ್ತು."

"ಎಂಟು. ಗಂಟೆ ಹೊಡೆಯೋದು ಒಂದೇ. ನಾನು ರಾತ್ರಿ ನಿದ್ದೆ ಮಾಡ್ಬೇಕು."

"ಹನ್ನೆರಡು. ಹೊಡೆಯೋದು ಎರಡು. ಒಂದಕ್ಕೊಂದು ಜೊತೆ ಬೇಡ್ವಾ?"

"ಹತ್ತು. ಉಳಿದವನ್ನ ಅವರವರ ಮನೆಗೆ ಕೊಟ್ಬಿಡಿ. ನಾಲ್ಕು ವರ್ಷದಿಂದ ನಾಳೆ ಬನ್ನಿ ಅಂತ ಅಟ್ಟಿದ್ದು ಸಾಕು."

"ನಾಳೆ ಅನ್ನೋ ಮಾತು ಕಲಿತಿದ್ದೇ ನಿನ್ನಿಂದ."

ಅವಳು ನಗುವನ್ನು ತುಟಿಯಲ್ಲೇ ತಡೆದು ಮೇಜಿನ ಇನ್ನೊಂದು ಬದಿಗೆ ಬಂದಳು. "ಕೂರೋಕೆ ಎಷ್ಟು ಜಾಗ ಬೇಕು ನಿಮ್ಗೆ? ಸರಿಯಾಗಿ ಹೇಳಿ."

"ಎರಡೂವರೆ ಅಡಿ. ಅದಕ್ಕಿಂತ ಹೆಚ್ಚು ಬೇಡ. ಒಂದು ಮೂಲೇಲಿ ಇರ್ತೀನಿ."

ಅವಳು ಮತ್ತೆ ಬೀದಿ ದಾಟಿ ತನ್ನ ಅಂಗಡಿಗೆ ಹೋದಳು. ಅವನು ಹಿಂದೆಯೇ ಬಂದ. ಹೊಸ್ತಿಲ ಬಳಿ ಒಂದು ಕ್ಷಣ ನಿಂತು ಚಪ್ಪಲಿ ಬಿಟ್ಟ. ಅವಳು ಕಿಟಕಿಯ ಕೆಳಗೆ ಮಂಡಿಯೂರಿ, ಗೋಡೆಯಿಂದ ಟೇಪು ಎಳೆದು ನೆಲದ ಮೇಲೆ ಸುಣ್ಣದ ಗೆರೆ ಹಾಕಿದಳು. ಅವನು ಬಗ್ಗಿ ಟೇಪಿನ ಅಂಕಿ ನೋಡಿದ.

"ಇದು ಮೂರೂವರೆ ಅಡಿ."

"ಗೊತ್ತು."

"ನಾನು ಹೇಳಿದ್ದು ಎರಡೂವರೆ."

"ಹೇಳಿದಷ್ಟೇ ಕತ್ತರಿಸೋರು ಟೈಲರಲ್ಲ. ಒಳಗೆ ಒಂದಿಷ್ಟು ಬಿಟ್ಟಿರ್ಬೇಕು," ಎಂದಳು ಅವಳು, ಗೆರೆಯನ್ನು ಇನ್ನೊಮ್ಮೆ ತಿದ್ದುತ್ತಾ. "ಆ ಕಡೆ ತುದಿ ಹಿಡ್ಕೊಳ್ಳಿ ರೀ, ಟೇಪು ಸರೀತಾ ಇದೆ."